ಪಪ್ಪಿ ಫುಡ್ ಬಿಡಿಸಿ ಅಡಲ್ಟ್ ಫುಡ್‌ಗೆ: ಯಾವ ಮರಿಗೆ, ಯಾವಾಗ?

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಚುಕ್ಕಿ ಪುಟ್ಟ ತಳಿಯವಳು, ತೂಕ 5 ಕಿಲೋ. ಶೇರು ಲ್ಯಾಬ್ರಡಾರ್, 31 ಕಿಲೋ. ಇಬ್ಬರೂ ಮರಿಗಳಾಗಿದ್ದಾಗ ತಿಂದ ಪಪ್ಪಿ ಫುಡ್ ಪ್ಯಾಕೆಟ್ ಮೇಲೆ ಒಂದೇ ಸಾಲು ಇತ್ತು, ‘12 ತಿಂಗಳವರೆಗೆ’. ಆ ಸಾಲು ಇಬ್ಬರಿಗೂ ಹೊಂದಲಿಲ್ಲ. ಚುಕ್ಕಿಯ ಬೆಳವಣಿಗೆ 9ನೇ ತಿಂಗಳಿಗೇ ಹೆಚ್ಚುಕಡಿಮೆ ಮುಗಿದಿತ್ತು. ನಾನು ಪ್ಯಾಕೆಟ್ ಮಾತು ನಂಬಿಕೊಂಡು 12 ತುಂಬುವವರೆಗೂ ಅದನ್ನೇ ಹಾಕಿದೆ. ಸೊಂಟವೇ ಕಾಣದ ಹಾಗೆ ಮೈ ಬಂತು. ಆ ತೂಕ ಇಳಿಸೋಕೆ ಅರ್ಧ ವರ್ಷ ಹಿಡಿಯಿತು. ಶೇರು ವಿಷಯ ಇದಕ್ಕೆ ತದ್ವಿರುದ್ಧ. ಒಂದು ವರ್ಷ ತುಂಬಿದ ಮೇಲೂ ಅವನ ತೂಕ ಏರುತ್ತಲೇ ಇತ್ತು.

ಅದಕ್ಕೇ ಈಗ ಯಾರಾದರೂ ‘ಮರಿಗೆ ಒಂದು ವರ್ಷ ಆಯ್ತು, ಊಟ ಬದಲಿಸಲಾ?’ ಅಂತ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ‘ದೊಡ್ಡದಾದ ಮೇಲೆ ಅದರ ತೂಕ ಎಷ್ಟು ಬರಬಹುದು?’ ಇದಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ವಯಸ್ಸಿನ ಮಾತು ಆಮೇಲೆ.

ಎರಡು ಊಟಕ್ಕೂ ಇರುವ ವ್ಯತ್ಯಾಸ

ಪಪ್ಪಿ ಫುಡ್ ಅಂದರೆ ಸಣ್ಣ ಕಾಳಿನ ಅಡಲ್ಟ್ ಫುಡ್ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಎಎಎಫ್‌ಸಿಒ ಸಂಸ್ಥೆ ನಾಯಿ ಊಟಕ್ಕೆ ಎರಡು ಅಳತೆ ಇಟ್ಟಿದೆ. ಒಂದು ಬೆಳೆಯುವ ಮರಿಗೆ, ಇನ್ನೊಂದು ಬೆಳೆದು ನಿಂತ ನಾಯಿಗೆ. ಊಟದಲ್ಲಿರುವ ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಮರಿಯ ಊಟದಲ್ಲಿ ಕನಿಷ್ಠ 22.5% ಪ್ರೋಟೀನ್, 8.5% ಕೊಬ್ಬು ಇರಬೇಕು. ದೊಡ್ಡ ನಾಯಿಗೆ 18% ಪ್ರೋಟೀನ್, 5.5% ಕೊಬ್ಬು ಸಾಕು. ಕ್ಯಾಲ್ಸಿಯಂ ನೋಡಿದರೆ ಅಂತರ ಇನ್ನೂ ಜಾಸ್ತಿ. ಮರಿಗೆ ಕನಿಷ್ಠ 1.2%, ದೊಡ್ಡದಕ್ಕೆ 0.5%. ಫಾಸ್ಫರಸ್ ಮರಿಗೆ 1%, ದೊಡ್ಡದಕ್ಕೆ 0.4%.

ಇವೆಲ್ಲ ಕನಿಷ್ಠ ಮಟ್ಟ ಅನ್ನುವುದು ನೆನಪಿರಲಿ. ಎಷ್ಟೋ ಅಡಲ್ಟ್ ಫುಡ್‌ಗಳಲ್ಲಿ 25% ಪ್ರೋಟೀನ್ ಇರುತ್ತದೆ. ಅಷ್ಟು ನೋಡಿ ‘ಇದೂ ಮರಿಗೆ ಆಗುತ್ತೆ ಬಿಡು’ ಅಂದುಕೊಂಡರೆ ತಪ್ಪಾಗುತ್ತದೆ. ಪ್ರೋಟೀನ್ ಸಾಕಷ್ಟಿದ್ದರೂ ಕ್ಯಾಲ್ಸಿಯಂ ಎಷ್ಟಿದೆ, ಫಾಸ್ಫರಸ್‌ಗೂ ಅದಕ್ಕೂ ಲೆಕ್ಕ ಸರಿಯಿದೆಯಾ ಅನ್ನುವುದನ್ನು ಬೆಳೆಯುವ ಎಲುಬಿಗೆ ಅಂತ ನೋಡಿ ಮಾಡಿರುವುದಿಲ್ಲ. ಪಪ್ಪಿ ಫುಡ್‌ನಲ್ಲಿ ಒಂದು ಹಿಡಿಗೆ ಸಿಗುವ ಕ್ಯಾಲೊರಿಯೂ ಸಾಮಾನ್ಯವಾಗಿ ಜಾಸ್ತಿ, ಯಾಕೆಂದರೆ ಮರಿಯ ಹೊಟ್ಟೆ ಚಿಕ್ಕದು, ಬೇಕಾದ ಶಕ್ತಿ ದೊಡ್ಡದು. ಮಿದುಳು, ಕಣ್ಣು ಬೆಳೆಯೋಕೆ ಬೇಕಾದ ಡಿಎಚ್‌ಎ ಅನ್ನುವ ಕೊಬ್ಬಿನಂಶವನ್ನೂ ಒಳ್ಳೆಯ ಪಪ್ಪಿ ಫುಡ್‌ಗಳಲ್ಲಿ ಸೇರಿಸಿರುತ್ತಾರೆ.

ಶಕ್ತಿ ಎಷ್ಟು ಬೇಕು ಅನ್ನುವುದನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. 10 ಕಿಲೋ ತೂಗುವ ನಾಯಿ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 390 ಕ್ಯಾಲೊರಿ ಖರ್ಚು ಮಾಡುತ್ತದೆ. ಪಶುವೈದ್ಯರು ಲೆಕ್ಕ ಶುರುಮಾಡುವುದು ಇಲ್ಲಿಂದಲೇ. ಸಂತಾನಹರಣ ಆಪರೇಷನ್ ಆದ ದೊಡ್ಡ ನಾಯಿಗೆ ಇದರ 1.6 ಪಟ್ಟು, ಅಂದರೆ 630ರ ಆಸುಪಾಸು. ಅದೇ 10 ಕಿಲೋ ತೂಗುವ, 4 ತಿಂಗಳು ದಾಟಿ ಇನ್ನೂ ಬೆಳೆಯುತ್ತಿರುವ ಮರಿಗೆ 2 ಪಟ್ಟು, ಹತ್ತಿರ ಹತ್ತಿರ 790. 4 ತಿಂಗಳಿಗಿಂತ ಚಿಕ್ಕದಾದರೆ 3 ಪಟ್ಟು. ತೂಕ ಒಂದೇ ಇದ್ದರೂ ಮರಿಗೂ ದೊಡ್ಡದಕ್ಕೂ ದಿನಕ್ಕೆ 160 ಕ್ಯಾಲೊರಿ ವ್ಯತ್ಯಾಸ. ಬೆಳವಣಿಗೆ ನಿಂತ ಮೇಲೂ ಆ 160 ಬಟ್ಟಲಿಗೆ ಬೀಳುತ್ತಿದ್ದರೆ ಅದು ಹೋಗುವುದು ಕೊಬ್ಬಿಗೇ. ಚುಕ್ಕಿಗೆ ಆಗಿದ್ದು ಇದೇ, ಅವಳ ಅಳತೆಯಲ್ಲಿ.

ಗಾತ್ರದ ಪ್ರಕಾರ ಕಾಲ

ಬೆಳೆದ ಮೇಲೆ 10 ಕಿಲೋ ಒಳಗಿರುವ ಪೊಮೆರೇನಿಯನ್, ಪಗ್, ಶಿಟ್ಜು ತರಹದ ನಾಯಿಗಳಿಗೆ 9ರಿಂದ 12 ತಿಂಗಳ ನಡುವೆ ಬದಲಿಸಬಹುದು. ತೀರಾ ಪುಟ್ಟವು ಆ ಅವಧಿಯ ಮೊದಲ ತುದಿಯಲ್ಲೇ ಸಿದ್ಧವಾಗಿರುತ್ತವೆ. 10ರಿಂದ 25 ಕಿಲೋ ಬರುವ ಬೀಗಲ್, ಕಾಕರ್ ಸ್ಪ್ಯಾನಿಯಲ್‌ನಂಥವುಗಳಿಗೆ ಒಂದು ವರ್ಷದ ಆಸುಪಾಸು. ಪ್ಯಾಕೆಟ್ ಮೇಲಿನ ‘12 ತಿಂಗಳು’ ಸರಿಯಾಗಿ ಹೊಂದುವುದು ಈ ಮಧ್ಯದ ಗುಂಪಿಗೆ ಮಾತ್ರ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಥರದ ದೊಡ್ಡ ತಳಿಗಳು 15ರಿಂದ 18 ತಿಂಗಳವರೆಗೂ ಮರಿಗಳೇ. ನೋಡಲು ದೊಡ್ಡವಾಗಿ ಕಾಣುತ್ತವೆ, ಎತ್ತರವೂ ಬಂದಿರುತ್ತದೆ. ಆದರೆ ಒಳಗೆ ಎಲುಬು ಗಟ್ಟಿಯಾಗುವ ಕೆಲಸ, ಮೈ ತುಂಬಿಕೊಳ್ಳುವ ಕೆಲಸ ಇನ್ನೂ ನಡೆದಿರುತ್ತದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್‌ನಂಥ ಭಾರಿ ನಾಯಿಗಳಿಗೆ 18ರಿಂದ 24 ತಿಂಗಳು. ಎರಡು ವರ್ಷ ಪಪ್ಪಿ ಫುಡ್ಡಾ ಅಂತ ಬೆರಗಾಗಬೇಡಿ. ಪೊಮೆರೇನಿಯನ್ 3 ಕಿಲೋ ಮುಟ್ಟಿದರೆ ಸಾಕು. ಗ್ರೇಟ್ ಡೇನ್ ಹುಟ್ಟಿದಾಗ ಇದ್ದ ತೂಕದ ನೂರು ಪಟ್ಟಿಗೂ ಹತ್ತಿರ ಹೋಗಬೇಕು. ಅದಕ್ಕೆ ಕಾಲ ಬೇಡವಾ?

ಮಿಶ್ರ ತಳಿಯ ಮರಿ ಇದ್ದರೆ ಅಂದಾಜು ಮಾಡುವುದು ಸ್ವಲ್ಪ ಕಷ್ಟ. ‘ಪಂಜ ನೋಡಿ ಹೇಳ್ತೀನಿ’ ಅನ್ನುವವರ ಮಾತು ಎಷ್ಟೋ ಸಲ ಸುಳ್ಳಾಗುತ್ತದೆ. ನಾಲ್ಕನೇ ತಿಂಗಳ ತೂಕ ಇದಕ್ಕಿಂತ ವಾಸಿ. ಚಿಕ್ಕ ಮತ್ತು ಮಧ್ಯಮ ನಾಯಿಗಳು ಸುಮಾರು 4 ತಿಂಗಳಿಗೆ ತಮ್ಮ ಪೂರ್ತಿ ತೂಕದ ಅರ್ಧ ಮುಟ್ಟುತ್ತವೆ. ದೊಡ್ಡ ತಳಿಗಳಿಗೆ ಇದು 5–6 ತಿಂಗಳಿಗೆ. ನಿಮ್ಮ ಮರಿ 4 ತಿಂಗಳಲ್ಲಿ 7 ಕಿಲೋ ಇದ್ದರೆ 14–15 ಕಿಲೋ ಹತ್ತಿರ ನಿಲ್ಲಬಹುದು ಅಂತ ಇಟ್ಟುಕೊಳ್ಳಿ. ಅದೇ 4 ತಿಂಗಳಲ್ಲಿ 14 ಕಿಲೋ ಇದ್ದರೆ, ಅನುಮಾನವೇ ಬೇಡ, ದೊಡ್ಡ ಗುಂಪಿನದು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಮರಿ ದೊಡ್ಡದಾಯಿತು ಅನ್ನುವ ನಂಬಿಕೆ ಕೆಲವರಿಗೆ ಇದೆ. ಹಲ್ಲು 6–7 ತಿಂಗಳಿಗೆಲ್ಲಾ ಬಂದುಬಿಡುತ್ತದೆ. ಗಂಡುಮರಿ ಕಾಲೆತ್ತಿ ಉಚ್ಚೆ ಹೊಯ್ಯಲು ಶುರುಮಾಡಿತು, ಹೆಣ್ಣುಮರಿ ಮೊದಲ ಸಲ ಬೆದೆಗೆ ಬಂತು, ಇವೂ ಅಷ್ಟೇ. ಇವು ಯಾವುದೂ ಎಲುಬಿನ ಬೆಳವಣಿಗೆ ಮುಗಿಯಿತು ಅಂತ ಹೇಳುವುದಿಲ್ಲ.

ನೋಟ್‌ಬುಕ್ ಮತ್ತು ಕೈ

ತಿಂಗಳ ಲೆಕ್ಕ ದಾರಿ ತೋರಿಸುತ್ತದೆ, ಅಷ್ಟೇ. ನಿಮ್ಮ ಮರಿಯ ಮಟ್ಟಿಗೆ ಉತ್ತರ ಇರುವುದು ತೂಕದ ಯಂತ್ರದಲ್ಲಿ. ಶೇರು ಬಂದ ಮೇಲೆ ನಾನು ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡೆ. ಎರಡು ವಾರಕ್ಕೊಮ್ಮೆ, ಬೆಳಗಿನ ಊಟಕ್ಕೆ ಮುಂಚೆ ತೂಕ ನೋಡುವುದು. ಮನೆಯ ತೂಕದ ಯಂತ್ರದ ಮೇಲೆ ಮೊದಲು ನಾನೊಬ್ಬನೇ ನಿಲ್ಲುತ್ತಿದ್ದೆ, ಆಮೇಲೆ ಅವನನ್ನು ಎತ್ತಿಕೊಂಡು ನಿಲ್ಲುತ್ತಿದ್ದೆ. ಎರಡರ ವ್ಯತ್ಯಾಸ ಅವನ ತೂಕ. ಎತ್ತೋಕೆ ಆಗದಷ್ಟು ದೊಡ್ಡವನಾದ ಮೇಲೆ ಕ್ಲಿನಿಕ್‌ನ ದೊಡ್ಡ ಯಂತ್ರಕ್ಕೆ ಕರೆದುಕೊಂಡು ಹೋದೆ.

ಮೂರರಿಂದ ಆರನೇ ತಿಂಗಳವರೆಗೆ ಅಂಕಿ ಓಡುತ್ತಿತ್ತು, ಎರಡು ವಾರಕ್ಕೆ ಒಂದೂವರೆ ಎರಡು ಕಿಲೋ. 10ನೇ ತಿಂಗಳ ಹೊತ್ತಿಗೆ ಓಟ ನಡಿಗೆ ಆಯಿತು. 12ರಲ್ಲಿ ಎರಡು ವಾರಕ್ಕೆ ಇನ್ನೂರು ಮುನ್ನೂರು ಗ್ರಾಂ. 14 ದಾಟಿದ ಮೇಲೆ ಒಂದರ ಕೆಳಗೊಂದು ನಾಲ್ಕು ಸಾಲು, ಎಲ್ಲದರಲ್ಲೂ 31ರ ಆಚೀಚೆ. ಎರಡು ತಿಂಗಳು ಅಂಕಿ ಅಲ್ಲಾಡದೆ ನಿಂತಿತು ಅಂದರೆ, ಮೈಕಟ್ಟೂ ಸರಿಯಿದ್ದರೆ, ಅದೇ ಸಮಯ. 16ನೇ ತಿಂಗಳಲ್ಲಿ ಅವನ ಊಟ ಬದಲಿಸಿದೆ. ಆ ನಾಲ್ಕು ಸಾಲು ಇಲ್ಲದಿದ್ದರೆ ನಾನು ಮತ್ತೆ ಪ್ಯಾಕೆಟ್ ಮಾತನ್ನೇ ಕೇಳುತ್ತಿದ್ದೆ.

‘ಮೈಕಟ್ಟೂ ಸರಿಯಿದ್ದರೆ’ ಅನ್ನುವುದು ಮುಖ್ಯ. ತೂಕ ನಿಂತಿದ್ದು ಬೆಳವಣಿಗೆ ಮುಗಿದಿದ್ದಕ್ಕೂ ಆಗಿರಬಹುದು, ಊಟ ಸಾಲದ್ದಕ್ಕೂ ಆಗಿರಬಹುದು, ಹೊಟ್ಟೆಯಲ್ಲಿ ಹುಳ ಇದ್ದುದಕ್ಕೂ ಆಗಿರಬಹುದು. ಇದನ್ನು ತಿಳಿಯೋಕೆ ನಿಮ್ಮ ಕೈಯೇ ಸಾಕು. ಒಂದು ಕೈಯನ್ನು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ನಾಯಿಯ ಪಕ್ಕೆಲುಬು ಹಾಗೆ ಎದ್ದು ತಗುಲಿದರೆ ಅದು ತೆಳ್ಳಗಿದೆ. ಈಗ ಮುಷ್ಟಿ ಬಿಚ್ಚಿ ಅಂಗೈ ಮೇಲಿನ ದಪ್ಪ ಭಾಗ ಒತ್ತಿ ನೋಡಿ. ಎಲುಬು ಅಷ್ಟು ಆಳದಲ್ಲಿದ್ದರೆ ಕೊಬ್ಬು ಜಾಸ್ತಿ. ಕೈ ತಿರುಗಿಸಿ ಅಂಗೈಯ ಹಿಂಬದಿ ಸವರಿ. ತೆಳುವಾದ ಚರ್ಮದ ಕೆಳಗೆ ಬೆರಳೆಲುಬು ಸುಲಭವಾಗಿ ಸಿಗುತ್ತದಲ್ಲ, ಪಕ್ಕೆಲುಬು ಹಾಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಏರಿರಬೇಕು. ಕೂದಲು ದಟ್ಟವಾಗಿರುವ ತಳಿಗಳಲ್ಲಿ ಕಣ್ಣು ಮೋಸ ಮಾಡುತ್ತದೆ. ಸ್ನಾನ ಮಾಡಿಸುವಾಗ ಕೈ ಹಾಕಿ ನೋಡಿದರೆ ನಿಜ ಗೊತ್ತಾಗುತ್ತದೆ.

ಬೇಗ ಬದಲಿಸಿದರೆ, ತಡ ಮಾಡಿದರೆ

ಸರಿಯಾದ ವಾರವನ್ನೇ ಹಿಡಿಯೋಕೆ ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಯಾವ ಕಡೆ ತಪ್ಪಿದರೆ ಪರವಾಗಿಲ್ಲ ಅನ್ನುವುದನ್ನು ತಿಳಿದಿರುವುದು ಒಳ್ಳೆಯದು.

ಪುಟ್ಟ ತಳಿಗೆ ತಡವಾದರೆ ಆಗುವ ಮುಖ್ಯ ತೊಂದರೆ ಬೊಜ್ಜು. 5 ಕಿಲೋ ನಾಯಿಗೆ ಅರ್ಧ ಕಿಲೋ ಜಾಸ್ತಿ ಅಂದರೆ ಹತ್ತರಲ್ಲಿ ಒಂದು ಪಾಲು. ಆದರೆ ಇದು ಕಣ್ಣಿಗೆ ಕಾಣುತ್ತದೆ, ಬಟ್ಟಲಿನ ಅಳತೆ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಒಂದೆರಡು ವಾರ ಮೊದಲೇ ಬದಲಿಸಿದರೂ ಅಷ್ಟೇನೂ ಕೆಡುವುದಿಲ್ಲ, ಎಲುಬಿನ ಬೆಳವಣಿಗೆ ಆಗಲೇ ಬಹುಪಾಲು ಆಗಿರುತ್ತದೆ.

ದೊಡ್ಡ ತಳಿಯ ವಿಷಯಕ್ಕೆ ಬಂದರೆ ನಾನು ಖಂಡಿತವಾಗಿ ತಡದ ಕಡೆಗೇ ನಿಲ್ಲುತ್ತೇನೆ. ಇಲ್ಲಿ ಒಂದು ಹಳೆಯ ಸಲಹೆಯ ಬಗ್ಗೆ ಹೇಳಲೇಬೇಕು, ಈಗಲೂ ತುಂಬ ಜನ ಅದನ್ನು ಕೊಡುತ್ತಾರೆ. ‘ದೊಡ್ಡ ತಳಿಯ ಮರಿಗೆ ಪಪ್ಪಿ ಫುಡ್ ಕೊಟ್ಟರೆ ಬೇಗ ಬೆಳೆದು ಕಾಲು ಸೊಟ್ಟಗಾಗುತ್ತೆ, 5–6 ತಿಂಗಳಿಗೇ ಅಡಲ್ಟ್ ಫುಡ್ ಹಾಕಿ.’ ಕಾಳಜಿಯಿಂದಲೇ ಹೇಳುತ್ತಾರೆ. ತೀರಾ ಬೇಗ ಬೆಳೆದರೆ ದೊಡ್ಡ ಮರಿಯ ಕೀಲಿಗೆ ಕಷ್ಟ ಅನ್ನುವುದೂ ನಿಜ. ಆದರೆ ಅವರು ದೂರುವ ಪ್ರೋಟೀನ್ ಇದಕ್ಕೆ ಕಾರಣ ಅಲ್ಲ. ಗ್ರೇಟ್ ಡೇನ್ ಮರಿಗಳಿಗೆ ಬೇರೆ ಬೇರೆ ಮಟ್ಟದ ಪ್ರೋಟೀನ್ ಕೊಟ್ಟು ನೋಡಿದಾಗ ಎಲುಬಿನ ತೊಂದರೆಗೂ ಪ್ರೋಟೀನಿಗೂ ಸಂಬಂಧ ಕಾಣಲಿಲ್ಲ. ತೊಂದರೆ ಕೊಡುವುದು ಎರಡು. ಒಂದು, ಬೇಕಾದ್ದಕ್ಕಿಂತ ಜಾಸ್ತಿ ಕ್ಯಾಲೊರಿ. ಇನ್ನೊಂದು, ಮಿತಿ ಮೀರಿದ ಕ್ಯಾಲ್ಸಿಯಂ.

ಬೆಳೆದು ನಿಂತ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಚಿಕ್ಕ ಮರಿಗೆ, ಅದರಲ್ಲೂ 6 ತಿಂಗಳ ಒಳಗೆ, ಈ ಹತೋಟಿ ಇನ್ನೂ ಬಂದಿರುವುದಿಲ್ಲ. ಊಟದಲ್ಲಿ ಜಾಸ್ತಿ ಬಂದರೆ ಮೈಗೂ ಜಾಸ್ತಿ ಸೇರುತ್ತದೆ. ಬೆಳೆಯುವ ಮೃದ್ವಸ್ಥಿ ಎಲುಬಾಗಿ ಬದಲಾಗುವ ಕ್ರಮವೇ ತಪ್ಪುತ್ತದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಕೆಲಸದಿಂದ ಇದು ಗೊತ್ತಾಯಿತು. ಈಗ ಎಎಎಫ್‌ಸಿಒ ಅಳತೆಯಲ್ಲಿ ಬೆಳೆದ ಮೇಲೆ 70 ಪೌಂಡ್, ಅಂದರೆ 32 ಕಿಲೋ ಹತ್ತಿರ ಅಥವಾ ಅದಕ್ಕಿಂತ ಜಾಸ್ತಿ ತೂಗುವ ನಾಯಿಗಳ ಮರಿಗೆ ಕ್ಯಾಲ್ಸಿಯಂ 1.8% ಮೀರಬಾರದು ಅಂತಿದೆ. ಬೇರೆ ನಾಯಿಗಳಿಗೆ ಆ ಮಿತಿ 2.5%.

ಈಗ ಆ ಹಳೆಯ ಸಲಹೆಯನ್ನು ಮತ್ತೆ ನೋಡಿ. 5 ತಿಂಗಳ ಲ್ಯಾಬ್ರಡಾರ್ ಮರಿಗೆ ಅಡಲ್ಟ್ ಫುಡ್ ಹಾಕಿದಿರಿ. ಅದರಲ್ಲಿ ಕ್ಯಾಲ್ಸಿಯಂ 0.6% ಇರಬಹುದು, ಮರಿಗೆ ಬೇಕಾದ್ದರ ಅರ್ಧ. ಅಥವಾ 2% ಇರಬಹುದು, ದೊಡ್ಡ ತಳಿಯ ಮರಿಯ ಮಿತಿಗಿಂತ ಜಾಸ್ತಿ. ಎರಡೂ ಅಡಲ್ಟ್ ಫುಡ್‌ನ ನಿಯಮದ ಒಳಗೇ ಇವೆ. ಅಷ್ಟೇ ಅಲ್ಲ, ಅದರಲ್ಲಿ ಕ್ಯಾಲೊರಿ ಕಡಿಮೆ ಇರುವುದರಿಂದ ಹಸಿದ ಮರಿ ಇನ್ನೊಂದು ಹಿಡಿ ತಿನ್ನುತ್ತದೆ, ಅದರ ಜೊತೆ ಇನ್ನಷ್ಟು ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ತಪ್ಪಿಸೋಕೆ ಹೊರಟಿದ್ದನ್ನೇ ಕರೆದು ತಂದ ಹಾಗಾಯಿತು, ಅಲ್ವಾ?

ಇದಕ್ಕೆ ಪರಿಹಾರ ಅಂತಲೇ ‘ಲಾರ್ಜ್ ಬ್ರೀಡ್ ಪಪ್ಪಿ’ ಅಂತ ಬರೆದ ಊಟ ಇದೆ. ಕ್ಯಾಲ್ಸಿಯಂ ಹಿಡಿತದಲ್ಲಿ, ಕ್ಯಾಲೊರಿ ಸ್ವಲ್ಪ ಕಡಿಮೆ, ಬಾಕಿ ಎಲ್ಲ ಮರಿಗೆ ಬೇಕಾದ ಹಾಗೆ. ಬೆಳೆದ ಮೇಲೆ 25 ಕಿಲೋ ದಾಟುವ ಮರಿಗೆ ಸಾಮಾನ್ಯ ಪಪ್ಪಿ ಫುಡ್, ಲಾರ್ಜ್ ಬ್ರೀಡ್ ಪಪ್ಪಿ ಫುಡ್, ಅಡಲ್ಟ್ ಫುಡ್ ಮೂರನ್ನೂ ಮುಂದಿಟ್ಟರೆ ನಾನು ಎರಡು ಸಲ ಯೋಚಿಸದೆ ಮಧ್ಯದ್ದನ್ನು ತೆಗೆದುಕೊಳ್ಳುತ್ತೇನೆ. ಅದನ್ನೇ ಅಳತೆ ಇಟ್ಟು, ಮರಿಯನ್ನು ಕೊಂಚ ತೆಳ್ಳಗೆ ಇಟ್ಟುಕೊಂಡು, ಬೆಳವಣಿಗೆ ಮುಗಿಯುವ ತನಕ ಕೊಡುತ್ತೇನೆ. ಕ್ಯಾಲ್ಸಿಯಂ ಮಾತ್ರೆ, ಟಾನಿಕ್ ಇದರ ಮೇಲೆ ಬೇಡವೇ ಬೇಡ. ಒಳ್ಳೆಯ ಪಪ್ಪಿ ಫುಡ್ ತಿನ್ನುವ ಮರಿಗೆ ಅದು ಸಹಾಯ ಅಲ್ಲ, ಅಪಾಯ. ಪರೀಕ್ಷೆ ಮಾಡಿ ಡಾಕ್ಟರೇ ಬರೆದುಕೊಟ್ಟರೆ ಆ ಮಾತು ಬೇರೆ.

ತೆಳ್ಳಗೆ ಇಡಿ ಅಂದರೆ ಕೆಲವರಿಗೆ ಬೇಜಾರಾಗುತ್ತದೆ. ಗುಂಡುಗುಂಡಾದ ಮರಿ ನೋಡೋಕೆ ಚಂದ, ಒಪ್ಪುತ್ತೇನೆ. ಆದರೆ 48 ಲ್ಯಾಬ್ರಡಾರ್‌ಗಳನ್ನು ಮರಿ ವಯಸ್ಸಿನಿಂದ ಕೊನೆಯವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಇನ್ನೊಂದು ಗುಂಪಿನದು 11.2 ವರ್ಷ. ಕೀಲುನೋವೂ ಅವುಗಳಿಗೆ ತಡವಾಗಿ ಬಂತು. ಒಂದು ನಾಯಿಯ ಬದುಕಿನಲ್ಲಿ ಸುಮಾರು ಎರಡು ವರ್ಷ ಅಂದರೆ ಎಷ್ಟು ಅಂತ ನಾಯಿ ಸಾಕಿದವರಿಗೆ ಹೇಳಬೇಕಾಗಿಲ್ಲ. ಯಾವ ಪ್ಯಾಕೆಟ್ ಅನ್ನುವಷ್ಟೇ ಎಷ್ಟು ಗ್ರಾಂ ಅನ್ನುವುದೂ ಮುಖ್ಯ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಆಪರೇಷನ್ ಆದ ಮೇಲೆ

ಸಂತಾನಹರಣ ಆಪರೇಷನ್ ಆದ ನಾಯಿಗೆ ಬೇಕಾಗುವ ಶಕ್ತಿ 20ರಿಂದ 30% ಇಳಿಯುತ್ತದೆ. ಹಸಿವು ಮಾತ್ರ ಏರುತ್ತದೆ. ಚುಕ್ಕಿಗೆ 8ನೇ ತಿಂಗಳಲ್ಲಿ ಆಪರೇಷನ್ ಆಯಿತು. ನಾನು ಊಟದ ಅಳತೆ ಹಾಗೇ ಇಟ್ಟೆ, ಅವಳು ಬಟ್ಟಲು ನೆಕ್ಕಿ ನನ್ನ ಮುಖ ನೋಡುತ್ತಿದ್ದರೆ ಕರುಳು ಚುರುಕ್ ಅಂದು ಇನ್ನಷ್ಟು ಹಾಕಿದೆ. ಬೆಳವಣಿಗೆ ನಿಂತದ್ದು, ಆಪರೇಷನ್ ಆದದ್ದು, ಪಪ್ಪಿ ಫುಡ್ ಮುಂದುವರಿದದ್ದು, ಮೂರೂ ಒಟ್ಟಿಗೆ ಸೇರಿದವು.

ಹಾಗಾದರೆ ಆಪರೇಷನ್ ಆದ ಕೂಡಲೇ ಅಡಲ್ಟ್ ಫುಡ್‌ಗೆ ಹೋಗಬೇಕಾ? ಪುಟ್ಟ ತಳಿ, 9–10 ತಿಂಗಳು ಆಗಿದೆ, ತೂಕವೂ ನಿಂತಿದೆ ಅಂದರೆ ಹೌದು, ಎರಡೂ ಕೆಲಸ ಒಟ್ಟಿಗೆ ಆಗಲಿ. ಹೊಲಿಗೆ ಮಾಗಿದ ಮೇಲೆ ಶುರುಮಾಡಿ. ಆದರೆ 7 ತಿಂಗಳ ಜರ್ಮನ್ ಶೆಫರ್ಡ್‌ಗೆ ಆಪರೇಷನ್ ಆದರೆ ಊಟ ಬದಲಿಸಬೇಡಿ. ಅದರ ಎಲುಬು ಇನ್ನೂ ಬೆಳೆಯುತ್ತಿದೆ. ಪಪ್ಪಿ ಫುಡ್ಡೇ ಇರಲಿ, ಅಳತೆ ಇಳಿಸಿ. ಮೊದಲು ಹತ್ತರಲ್ಲಿ ಒಂದು ಪಾಲು ತೆಗೆದು ಎರಡು ವಾರ ನೋಡಿ, ಪಕ್ಕೆ ಮುಟ್ಟಿ, ಬೇಕಾದರೆ ಇನ್ನಷ್ಟು ತೆಗೆಯಿರಿ.

‘ಆಲ್ ಲೈಫ್ ಸ್ಟೇಜಸ್’ ಒಳ್ಳೆಯದಾ?

ಎಲ್ಲ ವಯಸ್ಸಿಗೂ ಆಗುತ್ತದೆ ಅಂತ ಬರೆದ ಈ ಊಟ ಮರಿಯ ಅಳತೆಯನ್ನು ಮುಟ್ಟಲೇಬೇಕು. ಅಂದರೆ ಲೆಕ್ಕದಲ್ಲಿ ಇದೂ ಪಪ್ಪಿ ಫುಡ್ಡೇ. ಮಧ್ಯಮ ಗಾತ್ರದ, ಚೆನ್ನಾಗಿ ಓಡಾಡುವ ನಾಯಿಗೆ ಇದು ಚೆನ್ನಾಗಿ ಹೊಂದುತ್ತದೆ. ಬದಲಿಸುವ ತಲೆನೋವೇ ಇಲ್ಲ, ಬೆಳೆದ ಮೇಲೆ ಅಳತೆ ಕಡಿಮೆ ಮಾಡಿದರಾಯಿತು. ಆಪರೇಷನ್ ಆಗಿ ಹೆಚ್ಚು ಹೊತ್ತು ಮಲಗಿಯೇ ಇರುವ ಪುಟ್ಟ ನಾಯಿಗೆ ನಾನು ಇದನ್ನು ಆರಿಸುವುದಿಲ್ಲ. ತೂಕ ಹಿಡಿತದಲ್ಲಿ ಇರಬೇಕಾದರೆ ಬಟ್ಟಲಲ್ಲಿ ನಾಲ್ಕೇ ಕಾಳು ಹಾಕಬೇಕಾಗುತ್ತದೆ, ಪಾಪ ಅದಕ್ಕೆ ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ. ದೊಡ್ಡ ತಳಿಗೆ ಕೊಡುವುದಾದರೆ ಲೇಬಲ್‌ನ ಸಣ್ಣ ಅಕ್ಷರ ಓದಿ. 70 ಪೌಂಡ್ ಮತ್ತು ಮೇಲ್ಪಟ್ಟ ನಾಯಿಗಳ ಬೆಳವಣಿಗೆಗೂ ಆಗುತ್ತದೆ ಅಂತ ಇರಬೇಕು. ‘ಅವುಗಳನ್ನು ಬಿಟ್ಟು’ ಅಂತ ಇದ್ದರೆ ಕೆಳಗಿಡಿ.

ಮನೆಯಲ್ಲಿ ಒಂದು ಮರಿ, ಒಂದು ದೊಡ್ಡ ನಾಯಿ ಇದ್ದು ಬಟ್ಟಲು ಅದಲು ಬದಲಾಗುತ್ತಿದ್ದರೆ? ಆರೋಗ್ಯವಾಗಿರುವ ದೊಡ್ಡ ನಾಯಿ ಪಪ್ಪಿ ಫುಡ್ ತಿಂದರೆ ತೂಕ ಏರಬಹುದು, ಅಷ್ಟೇ. ಮರಿ ದಿನವೂ ಅಡಲ್ಟ್ ಫುಡ್ ತಿಂದರೆ ನಷ್ಟ ಮರಿಗೆ. ಬೇರೆ ಬೇರೆ ಕೋಣೆಯಲ್ಲಿ ಹಾಕಿ 15 ನಿಮಿಷಕ್ಕೆ ಬಟ್ಟಲು ಎತ್ತಿಬಿಡಿ. ನಮ್ಮಲ್ಲಿ ಒಂದು ವಾರದಲ್ಲಿ ಅಭ್ಯಾಸವಾಯಿತು.

ಡಬ್ಬಿಯ ಒದ್ದೆ ಊಟವನ್ನೂ ಒಣ ಊಟವನ್ನೂ ಹೋಲಿಸುವಾಗ ಲೇಬಲ್ ಅಂಕಿಯನ್ನು ನೇರವಾಗಿ ನೋಡಬೇಡಿ. ಡಬ್ಬಿಯಲ್ಲಿ 8% ಪ್ರೋಟೀನ್ ಅಂತ ಇದ್ದರೆ ಕಡಿಮೆ ಅನ್ನಿಸುತ್ತದೆ. ಅದರಲ್ಲಿ 78% ನೀರು. ಉಳಿದ 22ರಲ್ಲಿ 8 ಅಂದರೆ 36% ಆಯಿತು.

ಮನೆಯಲ್ಲೇ ಅಡುಗೆ ಮಾಡಿ ಹಾಕುವವರಿಗೆ ಒಂದು ಮಾತು. ಬರೀ ಮಾಂಸದಲ್ಲಿ ಫಾಸ್ಫರಸ್ ತುಂಬ, ಕ್ಯಾಲ್ಸಿಯಂ ತೀರಾ ಕಡಿಮೆ. ಅದನ್ನೇ ತಿಂದು ಬೆಳೆಯುವ ಮರಿ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಎಲುಬಿನಿಂದಲೇ ಕೀಳುತ್ತದೆ, ಎಲುಬು ಸುಮ್ನೆ ಹಾರಿದರೂ ಮುರಿಯುವಷ್ಟು ಮೆತ್ತಗಾಗುತ್ತದೆ. ದೊಡ್ಡ ನಾಯಿ ಇಂಥ ಕೊರತೆಯನ್ನು ಸ್ವಲ್ಪ ಕಾಲ ತಡೆದುಕೊಂಡೀತು, ಮರಿ ತಡೆಯುವುದಿಲ್ಲ. ಬೆಳವಣಿಗೆ ಮುಗಿಯುವವರೆಗಾದರೂ ಪಶು ಪೋಷಣೆ ಬಲ್ಲ ಡಾಕ್ಟರ್ ಹತ್ತಿರ ಅಳತೆ ಬರೆಸಿಕೊಂಡೇ ಮಾಡಿ.

ಬದಲಿಸುವ ಹತ್ತು ದಿನ

ಶೇರು ಊಟ ಬದಲಿಸುವಾಗ ಹಳೆಯ ಪ್ಯಾಕೆಟ್ ತಳ ಕಾಣುವ ಮುಂಚೆಯೇ ಹೊಸದನ್ನು ತಂದಿಟ್ಟೆ. ಚುಕ್ಕಿಯ ಸಲ ಹಾಗೆ ಮಾಡಿರಲಿಲ್ಲ. ಹಳೆಯದು ಖಾಲಿ, ಬೆಳಿಗ್ಗೆ ಪೂರ್ತಿ ಹೊಸದು ಹಾಕಿದೆ. ಮರುದಿನ ಬೇಧಿ, ಮೂರು ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಕರುಳಿನಲ್ಲಿರುವ ಜೀವಾಣುಗಳು ಹಳೆಯ ಊಟಕ್ಕೆ ಒಗ್ಗಿಕೊಂಡಿರುತ್ತವೆ. ಹೊಸದಕ್ಕೆ ಒಗ್ಗೋಕೆ ಅವಕ್ಕೂ ಸಮಯ ಬೇಕು.

7ರಿಂದ 10 ದಿನ ಇಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು. ಮಲ ಗಟ್ಟಿಯಾಗಿದ್ದರೆ ಅರ್ಧ ಅರ್ಧ. ಆಮೇಲೆ ಮುಕ್ಕಾಲು ಹೊಸದು, ಕೊನೆಗೆ ಪೂರ್ತಿ. ಮಧ್ಯೆ ಮಲ ಸಡಿಲವಾದರೆ ಮುಂದಕ್ಕೆ ಹೋಗಬೇಡಿ, ಹಿಂದಿನ ಅಳತೆಯಲ್ಲೇ ಎರಡು ದಿನ ನಿಲ್ಲಿ. ಬೇಧಿ ಎರಡು ದಿನ ದಾಟಿದರೆ, ರಕ್ತ ಕಂಡರೆ, ವಾಂತಿ ಸೇರಿಕೊಂಡರೆ ಅಥವಾ ಮರಿ ಮಂಕಾದರೆ ಡಾಕ್ಟರ್ ಹತ್ತಿರ ಹೋಗಿ. ಹೊಸ ಊರಿಗೆ ಹೋಗುವ ವಾರ, ಲಸಿಕೆ ಹಾಕಿಸಿದ ವಾರ, ಮೂರು ಹೊತ್ತಿನ ಊಟವನ್ನು ಎರಡು ಹೊತ್ತಿಗೆ ಇಳಿಸುತ್ತಿರುವ ವಾರ ಇದನ್ನು ಶುರುಮಾಡದಿದ್ದರೆ ಒಳ್ಳೆಯದು. ಏನಾದರೂ ಏರುಪೇರಾದರೆ ಕಾರಣ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಅಳತೆಯನ್ನು ಲೋಟದಲ್ಲಿ ಅಲ್ಲ, ಅಡುಗೆಮನೆಯ ತೂಕದ ಯಂತ್ರದಲ್ಲಿ ಗ್ರಾಂ ಲೆಕ್ಕದಲ್ಲಿ ಮಾಡಿ. ಎರಡು ಪ್ಯಾಕೆಟ್‌ಗಳ ಕ್ಯಾಲೊರಿ ಬೇರೆ ಬೇರೆ ಇರುತ್ತದೆ. ಪಪ್ಪಿ ಫುಡ್‌ನಲ್ಲಿ 100 ಗ್ರಾಂಗೆ 390 ಕ್ಯಾಲೊರಿ, ಹೊಸದರಲ್ಲಿ 350 ಅಂತ ಇಟ್ಟುಕೊಳ್ಳಿ. 200 ಗ್ರಾಂ ಹಳೆಯದರಲ್ಲಿ 780 ಕ್ಯಾಲೊರಿ ಸಿಗುತ್ತಿತ್ತು, ಅಷ್ಟೇ ಸಿಗಬೇಕಾದರೆ ಹೊಸದು 223 ಗ್ರಾಂ ಬೇಕು. ಆದರೆ ಬೆಳವಣಿಗೆ ನಿಂತ ನಾಯಿಗೆ ಈಗ ಅಷ್ಟು ಬೇಕಾಗಿಯೇ ಇಲ್ಲದಿರಬಹುದು. ಪ್ಯಾಕೆಟ್ ಹಿಂದಿನ ಪಟ್ಟಿಯಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ತೂಕ ನೋಡಿ, ಪಕ್ಕೆ ಸವರಿ, ಹತ್ತರಲ್ಲಿ ಒಂದು ಪಾಲಿನಂತೆ ಏರಿಸಿ ಇಳಿಸಿ. ತರಬೇತಿಗೆ ಕೊಡುವ ಬಿಸ್ಕತ್ತು, ತಿಂಡಿ ತುಣುಕುಗಳೂ ಲೆಕ್ಕಕ್ಕೆ ಬರುತ್ತವೆ. ಅವು ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು ಮೀರದಿರಲಿ.

ಶೇರು ಮೊದಲ ನಾಲ್ಕು ದಿನ ಹೊಸ ಕಾಳನ್ನು ನಾಲಿಗೆಯಿಂದ ಬೇರೆ ಮಾಡಿ ಬಟ್ಟಲಿನ ಅಂಚಿಗೆ ಸಾಲಾಗಿ ಇಟ್ಟಿದ್ದ. ಬೇರೇನೂ ಸೇರಿಸಲಿಲ್ಲ, ಬದಲಿಗೆ ಒಂದಿಷ್ಟು ಬೆಚ್ಚಗಿನ ನೀರು ಹಾಕಿ ಕಲಸಿದೆ, ವಾಸನೆ ಎದ್ದಿತು. ಐದನೇ ದಿನ ಅಂಚಿನಲ್ಲಿ ಏನೂ ಉಳಿದಿರಲಿಲ್ಲ. ನೋಟ್‌ಬುಕ್‌ನಲ್ಲಿ ಆ ತಿಂಗಳ ಕೊನೆಯ ಸಾಲು 31.2 ಕಿಲೋ.